ಹೆಸರಿನ ತಕರಾರು

“ನೀವು ಕೊಟ್ಟ ನಾಯಿಮರಿ ವಾಪಸ್ ತಗೋರಿ ಅಕ್ಕಾರ!” ಎನ್ನುತ್ತ ಒಬ್ಬ ಮನುಷ್ಯ ಬರಿಗೈಯಲ್ಲೇ ತಗಡಿನ ಶೆಡ್ಡಿನೊಳಗೆ ನುಗ್ಗಿದ.

ನೀಲಾಂಬಿಕಾ ಸೆರಗು ಜಗ್ಗುತ್ತಿದ್ದ ಎರಡು ಮರಿಗಳನ್ನು ಬಿಡಿಸಿಕೊಂಡು, ಹಾಲನ್ನ ಕಲಸಿದ ಕೈ ಒರೆಸಿ ರಿಜಿಸ್ಟರ್ ತೆಗೆದರು. ಶಾಲೆಯಿಂದ ನಿವೃತ್ತರಾದ ಮೇಲೆ ಹಾನಗಲ್ಲಿನ ಅಂಚಿನಲ್ಲಿ ಈ ಶೆಡ್ಡು ಹಾಕಿ, ಬೀದಿಯಲ್ಲಿ ಸಿಕ್ಕ ಮರಿಗಳನ್ನು ಜೋಪಾನ ಮಾಡಿ, ಅವಕ್ಕೊಂದು ಮನೆ ಹುಡುಕುವುದೇ ಅವರ ಕೆಲಸ. ಕೊಟ್ಟ ಮರಿ ವಾಪಸ್ ಬರುವುದು ಅವರಿಗೆ ಹೊಸದಲ್ಲ. ಚಪ್ಪಲಿ ಕಡಿಯಿತು, ಬೆಕ್ಕಿಗೆ ಹೆದರಿತು, ಅತ್ತೆಯವರಿಗೆ ಸೇರಲಿಲ್ಲ.

“ಹೆಸರು ಹೇಳ್ರಿ.”

“ಸುಭಾಸ. ಆಡೂರು.”

“ನಿಮ್ಮ ಹೆಸರಿಲೆ ಮರಿನ ಕೊಟ್ಟಿಲ್ಲಲ್ರಿ?”

“ನನಗಲ್ರಿ, ನಮ್ಮಣ್ಣ ಕುಬೇರಪ್ಪಗ ಕೊಟ್ಟೀರಿ.”

“ಏನ್ ಮಾಡ್ತು? ಕಡೀತೇನು?”

“ಇಲ್ರಿ. ಅದಕ್ಕ ನನ್ನ ಹೆಸರಿಟ್ಟಾನ್ರಿ.”

ನೀಲಾಂಬಿಕಾ ರಿಜಿಸ್ಟರಿನ ಸಾಲಿನ ಮೇಲೆ ಬೆರಳಾಡಿಸಿದರು. “ಅದು ಹೆಣ್ಣುಮರಿ ಐತಲ್ರಿ!”

“ಅದನ್ನ ನಾನೂ ಹೇಳಾಕತ್ತೇನ್ರಿ!” ಸುಭಾಸನ ದನಿ ಕೀರಲಾಯಿತು.

ಕೂಡಿಸಿ ಚಹಾ ಕೊಟ್ಟ ಮೇಲೆ ಎಲ್ಲ ಹೊರಬಂತು. ಅಣ್ಣತಮ್ಮಂದಿರದು ಒಂದೇ ಅಂಗಳ. ಬಚ್ಚಲ ನೀರು ಯಾರ ಕಡೆ ಹರಿಯಬೇಕೆಂಬ ಜಗಳದಲ್ಲಿ ನಡುವೆ ಸೊಂಟದೆತ್ತರದ ಗೋಡೆ ಎದ್ದು ಆರು ವರ್ಷವಾಗಿತ್ತು. ಮಾತು ಅಂದೇ ನಿಂತಿತ್ತು. ಈಗ ಹದಿನೈದು ದಿನದಿಂದ ಕುಬೇರಪ್ಪ ಅಂಗಳದಲ್ಲಿ ನಿಂತು, “ಸುಭಾಸ, ಹೊಲಸು ಮೂಸಬ್ಯಾಡ! ಸುಭಾಸ, ಮಂದಿ ಮುಂದ ಕೆರಕೋಬ್ಯಾಡ!” ಎಂದು ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದ. ಡೇರಿಗೆ ಹಾಲು ಒಯ್ಯುವವರು ನಿಂತು ನಗುತ್ತಿದ್ದರು. ಸ್ವಂತ ಹೆಂಡತಿಯೂ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು. ಹಿರಿಯರ ಮುಂದೆ ಹೇಳಿಕೊಂಡರೆ, “ಊರಾಗ ಮೂರು ಮಂದಿ ಸುಭಾಸ ಅದಾರ. ಉಳಿದ ಇಬ್ಬರೂ ಸುಮ್ನದಾರಲ್ಲೋ” ಎಂದು ಕಳಿಸಿದ್ದರು.

ನೀಲಾಂಬಿಕಾ ಪೇಚಿಗೆ ಸಿಲುಕಿದರು. ಹೆಣ್ಣುಮರಿ ಎಂದರೆ ಎಲ್ಲರೂ “ಬ್ಯಾಡ್ರಿ, ನಾಳೆ ಆರು ಮರಿ ಈಯತೈತಿ” ಎನ್ನುವವರೇ. ಈ ಮರಿಯನ್ನು ಸವಣೂರಿನವರೊಬ್ಬರು, ಶಿಗ್ಗಾಂವಿಯವರೊಬ್ಬರು ಒಯ್ದು ವಾರದೊಳಗೆ ತಂದುಬಿಟ್ಟಿದ್ದರು. ಮರುಮಾತಿಲ್ಲದೆ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದವನು ಕುಬೇರಪ್ಪ ಒಬ್ಬನೇ. ಮೂರನೆಯ ಸಲ ವಾಪಸ್ ಬಂದರೆ ಅದು ಈ ಶೆಡ್ಡಿನಲ್ಲೇ ಮುದಿಯಾಗಬೇಕು. ಆದರೂ ತಕರಾರು ಬಂದ ಮನೆಗೆ ಹೋಗಿ ನೋಡುವುದು ಅವರೇ ಮಾಡಿಕೊಂಡ ನಿಯಮ. ಸುಭಾಸನ ಬೈಕಿನ ಹಿಂದೆ ತಮ್ಮ ಸ್ಕೂಟಿ ಹೊರಡಿಸಿದರು.

ಆಡೂರಿನಲ್ಲಿ ಮರಿ ದುಂಡಗಾಗಿತ್ತು. ಮೈ ಮಿರಿಮಿರಿ ಮಿಂಚುತ್ತಿತ್ತು. ದೃಷ್ಟಿಯಾಗದಿರಲೆಂದು ಕೊರಳಿಗೆ ಕರಿದಾರ ಬೇರೆ. ನೀಲಾಂಬಿಕಾ ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಸಿಟ್ಟು ಅರ್ಧ ಇಳಿಯಿತು.

“ಹೆಸರು ಬದಲಿ ಮಾಡ್ರಿ ಕುಬೇರಪ್ಪ. ಇಲ್ಲಾಂದ್ರ ಮರಿ ಒಯ್ತೇನಿ.”

“ನಿಮ್ಮ ಫಾರ್ಮಿನ್ಯಾಗ ಅಂಥಾ ಕಂಡೀಷನ್ ಇಲ್ರಿ ಅಕ್ಕಾರ,” ಎಂದು ಕುಬೇರಪ್ಪ ಮರಿ ಒಯ್ಯುವಾಗ ಸಹಿ ಮಾಡಿದ್ದ ಫಾರ್ಮನ್ನೇ ಒಳಗಿನಿಂದ ತಂದು ಹಿಡಿದ. ಲ್ಯಾಮಿನೇಷನ್ ಮಾಡಿಸಿದ್ದ. ಹೊತ್ತಿಗೆ ಸರಿಯಾಗಿ ಊಟ ಹಾಕಬೇಕು, ಚುಚ್ಚುಮದ್ದು ಹಾಕಿಸಬೇಕು, ಬಿಗಿಯಾಗಿ ಕಟ್ಟಬಾರದು. ಹೆಸರಿನ ಮಾತು ಎಲ್ಲೂ ಇರಲಿಲ್ಲ.

“ಬ್ಯಾರೆ ಹೆಸರ ಸಿಗಲಿಲ್ಲೇನ್ರಿ ನಿಮಗ?”

“ರಾಣಿ ಅಂದೆ, ಚಿನ್ನಿ ಅಂದೆ, ಹೊಳ್ಳಿ ನೋಡಲಿಲ್ರಿ. ಸಿಟ್ಟಿನ್ಯಾಗ ಒಂದ್ಸಲ ಸುಭಾಸ ಅಂದೆ, ಬಾಲಾ ಬಡಕೋತ ಓಡಿ ಬಂತು. ನಾ ಏನ್ ಮಾಡ್ಲಿ?”

“ಸುಳ್ಳ ಹೇಳ್ತಾನ್ರಿ!” ಗೋಡೆಯಾಚೆ ತನ್ನ ಕಟ್ಟೆಯ ಮೇಲೆ ಕುಳಿತಿದ್ದ ಸುಭಾಸ ಒದರಿದ. “ಅಕ್ಕಾರ, ಅವಗ ಕೇಳ್ರಿ, ನಾಯಿಗೆ ಕುಬೇರಪ್ಪ ಅಂತ ಯಾಕ ಇಡಲಿಲ್ಲ?”

“ಅಕ್ಕಾರ, ನಡುವ ಬಾಯಿ ಹಾಕಬ್ಯಾಡ ಅಂತ ಅವಗ ಹೇಳ್ರಿ.”

ಮೂವತ್ತು ವರ್ಷ ಮೂರನೇ ಇಯತ್ತೆಯ ಮಕ್ಕಳಿಗೆ ಕಲಿಸಿದ ನೀಲಾಂಬಿಕಾ ಅವರಿಗೆ ಇಂಥ ಜಗಳದ ನಡುವೆ ಸುಮ್ಮನೆ ನಿಲ್ಲುವುದು ರೂಢಿಯಿತ್ತು.

ಅಷ್ಟರಲ್ಲಿ ಕುಬೇರಪ್ಪನ ಹೆಂಡತಿ ವೀರವ್ವ ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿದ ಬೋಗುಣಿಯನ್ನು ಗಂಡನ ಕೈಗಿಟ್ಟಳು. “ಹೊತ್ತಾತು, ಮೊದಲ ಅದಕ್ಕ ಹಾಕ್ರಿ. ಆಮ್ಯಾಲೆ ಜಗಳಾಡೀರಂತ.”

ಮರಿ ಬಣವೆಯ ಹಿಂದೆ ಎಲ್ಲೋ ಹೋಗಿತ್ತು. ಕುಬೇರಪ್ಪ ಬೋಗುಣಿ ಹಿಡಿದು ಅಂಗಳಕ್ಕಿಳಿದ. ಈ ಸಲ ಓಣಿಗೆ ಕೇಳಿಸುವ ಒದರಾಟವಿರಲಿಲ್ಲ. ಅವನಿಗೇ ತಿಳಿಯದಂತೆ ದನಿ ಮೆತ್ತಗಾಗಿತ್ತು.

“ಸುಭಾಸ... ಉಣ್ಣಾಕ ಬಾರೋ. ಆರಿ ಹೊಂಟೈತಿ.”

ಗೋಡೆಯಾಚೆ ಸುಭಾಸ ಎದ್ದು ನಿಂತ. ಅವ್ವ ತೀರಿಕೊಂಡಾಗ ಅವನಿಗೆ ಏಳು ವರ್ಷ. ಆಮೇಲೆ ದಿನಾ ಎರಡು ಹೊತ್ತು ಅವನನ್ನು ಉಣ್ಣಲು ಕರೆದದ್ದು ಈ ದನಿಯೇ. ತಾನು ಎದ್ದದ್ದು ಅವನಿಗೆ ಗೊತ್ತಾದದ್ದು ನಾಲ್ಕು ಹೆಜ್ಜೆ ನಡೆದು, ಮೊಣಕಾಲು ಗೋಡೆಗೆ ತಾಗಿದ ಮೇಲೆ. ಬಣವೆಯ ಕಡೆಯಿಂದ ಮರಿಯೂ ಓಡಿಬಂದು ಬೋಗುಣಿಗೆ ಮೂತಿ ಹಾಕಿತು.

ಕುಬೇರಪ್ಪ ತಲೆಯೆತ್ತಿ ತಮ್ಮನನ್ನು ನೋಡಿದ. ಆರು ವರ್ಷದಲ್ಲಿ ಅವನ ಮುಖ ನೋಡಿ ಮೊದಲ ಸಲ ಮಾತಾಡಿದ.

“ನಾಯಿಗೆ ಕರದದ್ದು.”

“ಗೊತ್ತೈತಿ,” ಎಂದ ಸುಭಾಸ. ನಿಂತಲ್ಲಿಂದ ಕದಲಲಿಲ್ಲ.

ಮರಿ ಒಯ್ಯುವ ಮಾತನ್ನು ನೀಲಾಂಬಿಕಾ ಮತ್ತೆ ಎತ್ತಲಿಲ್ಲ. ಇಬ್ಬರೂ ಹಾಗೇ ಗೋಡೆಯ ಎರಡು ಕಡೆ ನಿಂತಿದ್ದರು. ಒಳಗೆ ಒಲೆ ಆರಿಸಿ ಕುಳಿತಿದ್ದ ವೀರವ್ವ ಮತ್ತೆ ಉರಿ ಹಚ್ಚಿ ರೊಟ್ಟಿ ಬಡಿಯುವ ಸಪ್ಪಳ ಕೇಳತೊಡಗಿತು.