ಆಚೆ ದಡದ ರಾಜ

"ಹಂಗಾದ್ರೆ ರಾಜ ಯಾರು?" ಎಂದು ಜಯಪ್ರಿಯಾ ಕೇಳಿದ್ದೇ ತಡ, ಅಷ್ಟು ಹೊತ್ತು ನಾ ಮುಂದು ತಾ ಮುಂದು ಎನ್ನುತ್ತಿದ್ದ ಮಕ್ಕಳೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ಊರು ಬಿಟ್ಟು ಓಡಿಬಂದ ಹಿರಿಯರಾಗಲು ಎಲ್ಲರೂ ತಯಾರು. ಗಾಡಿಯ ಎತ್ತಾಗಲು ಕೂಡ ಇಬ್ಬರು ತಯಾರು. ಬೆನ್ನಟ್ಟಿ ಬಂದ ರಾಜನಾಗಲು ಮಾತ್ರ ಒಂದು ನರಪಿಳ್ಳೆಯೂ ಇಲ್ಲ. ಭಾನುವಾರ ಅನ್ನೂರಿನಲ್ಲಿ ಕುಲದವರ ಸಂಘದ ಸಭೆ. ತಮ್ಮವರು ಕನ್ನಡ ನಾಡಿನಿಂದ ಈ ತಮಿಳು ಸೀಮೆಗೆ ಬಂದ ಕಥೆಯನ್ನು ಮಕ್ಕಳು ನಾಟಕವಾಡಿ ತೋರಿಸಬೇಕೆಂದು ದೊಡ್ಡವರ ಅಪ್ಪಣೆಯಾಗಿತ್ತು.

ಕಥೆ ಅಜ್ಜಿ ಜಾನಮ್ಮನದು. ಅವಳಿಗೆ ಅವಳ ಅಜ್ಜಿ ಹೇಳಿದ್ದು. ತುರುಕ ರಾಜನೊಬ್ಬ ತಮ್ಮವರ ಮನೆಯ ಹೆಣ್ಣು ಕೇಳಿದ. ಕೊಡಲೊಲ್ಲದ ಜನ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದರು. ಮುಂದೆ ತುಂಬಿದ ಹೊಳೆ, ಹಿಂದೆ ಕುದುರೆಗಳು. ಆಗ ದಡದಲ್ಲಿದ್ದ ಹೊಂಗೆ ಮರ ಬಾಗಿ ಸೇತುವೆಯಾಯಿತು. ಇವರೆಲ್ಲ ದಾಟಿದ ಮೇಲೆ ನೆಟ್ಟಗೆ ಎದ್ದು ನಿಂತಿತು. ರಾಜ ಆಚೆ ದಡದಲ್ಲೇ ಉಳಿದ, ದಾಟಿದವರು ಅವನತ್ತ ಹಿಡಿ ಹಿಡಿ ಮಣ್ಣು ತೂರಿದರು. ಇವತ್ತಿಗೂ ಈ ಕುಲದವರು ಹೊಂಗೆಗೆ ಕೊಡಲಿ ಹಾಕುವುದಿಲ್ಲ.

ನಾಟಕದ ಮಾತುಗಳನ್ನು ತಿದ್ದಿಕೊಟ್ಟವಳು ಜಾಸ್ಮಿನ್. ದಾವಣಗೆರೆಯಿಂದ ಇಲ್ಲಿನ ಮಿಲ್ಲಿಗೆ ಎಂಜಿನಿಯರ್ ಆಗಿ ಬಂದ ಮುಸ್ಲಿಮರೊಬ್ಬರ ಮಗಳು, ಜಯಪ್ರಿಯಾಳ ಕ್ಲಾಸಿನವಳು. ತಮಿಳು ತುಂಬಿದ ಸ್ಕೂಲಿನಲ್ಲಿ ಇಬ್ಬರೇ ಕನ್ನಡದಲ್ಲಿ ಗುಟ್ಟು ಹೇಳಿಕೊಳ್ಳುವ ಸುಖ ಅವರಿಗೆ. ಅವಳು ಬಾಯಿ ತೆರೆದರೆ ಸಾಕು, "ಎಷ್ಟು ಅಳಗಾಗಿ, ಚೆಂದಾಗಿ ಮಾತಾಡ್ತದೆ ನೋಡು ಕೂಸು!" ಎಂದು ಜಾನಮ್ಮ ಕರಗಿಹೋಗುತ್ತಿದ್ದಳು. ಅಂಥವಳಿಗೆ ಕಥೆ ಹೇಳುವಾಗ ಜಯಪ್ರಿಯಾ ಬರೀ 'ಒಬ್ಬ ರಾಜ' ಎಂದಿದ್ದಳು. ತುರುಕ ಎಂಬ ಮಾತನ್ನು ನುಂಗಿಕೊಂಡಿದ್ದಳು.

"ಡೇ, ಜಾಸ್ಮಿನ್ ಇರುವಾಗ ಏನಕ್ಕೆ ಹುಡುಕ್ತೀರಾ?" ಎಂದ ಚಿಕ್ಕಪ್ಪನ ಮಗ ಸರವಣಕುಮಾರ್. "ಅಜ್ಜಿ ಕತೇಲಿ ಅವ ತುರುಕ ರಾಜ ತಾನೆ? ಇವಳ್ಗೆ ಕರೆಕ್ಟಾ ಸೆಟ್ ಆಯ್ತದೆ."

ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದ ಜಾನಮ್ಮನ ಮೊರ ನಿಂತಿತು. ಜಾಸ್ಮಿನ್ ಜಯಪ್ರಿಯಾಳ ಮುಖ ನೋಡಿದಳು. 'ಬೇಡ' ಎಂಬ ಒಂದು ಮಾತು ಸಾಕಿತ್ತು. ಆದರೆ ನಾಟಕವೇ ನಿಂತುಹೋದರೆ? ಸಭೆಯ ಹೊಣೆ ಹೊತ್ತ ಚಿಕ್ಕಪ್ಪ ಏನೆಂದಾರು? ಜಯಪ್ರಿಯಾ ದಾವಣಿಯ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದಳು. ಹೇಡಿತನಕ್ಕೆ ವಯಸ್ಸಿನ ಹಂಗೇನೂ ಇಲ್ಲ, ಹನ್ನೆರಡಕ್ಕೂ ಬರುತ್ತದೆ.

"ಆಯ್ತು, ನಾನೇ ಆಗ್ತೀನಿ," ಎಂದಳು ಜಾಸ್ಮಿನ್.

"ಬೇಡ ನನ್ ಕಣ್ಣು, ಬೇರೆ ಯಾರನ್ನಾದ್ರೂ..." ಎಂದು ಜಾನಮ್ಮ ರಾಗ ಎಳೆದಳು.

"ನಾಟಕ ತಾನೇ ಅಜ್ಜಿ?"

ಜಾನಮ್ಮನಿಗೂ ಅಷ್ಟೇ ಬೇಕಿತ್ತೇನೋ, ಮತ್ತೆ ಮೊರ ಕೈಗೆತ್ತಿಕೊಂಡಳು.

ಸರವಣ ರಂಗೋಲಿ ಹಿಟ್ಟು ತಂದು ಅಂಗಳದ ನಡುವೆ ಎರಡು ಗೆರೆ ಎಳೆದ, ಹೊಳೆಯಾಯಿತು. ಉದ್ದನೆಯ ಹುಡುಗ ತಿರುಮೂರ್ತಿ ಹೊಂಗೆಯಾಗಿ ಸೊಂಟ ಬಗ್ಗಿಸಿ ಕೈ ಚಾಚಿದ. ಒಬ್ಬೊಬ್ಬರಾಗಿ ಅವನ ಕೈ ಹಿಡಿದು ಜಗುಲಿಯ ಕಡೆಗೆ ದಾಟಿದರು. ರಾಜ ಕೇಳಿದ ಹೆಣ್ಣು ಜಯಪ್ರಿಯಾ. ಅವಳು ಕೊನೆಗೆ ದಾಟಿದಳು. ಮರ ಎದ್ದು ನಿಂತಿತು.

ಜಾಸ್ಮಿನ್ ಗೆರೆಯ ಅಂಚಿಗೆ ಬಂದು ಕೈ ಎತ್ತಿದಳು. "ಎಲ್ಲಿಗೆ ಓಡುತ್ತೀರಿ? ನನ್ನ ಕಣ್ಣು ತಪ್ಪಿಸಿ ಬದುಕುವ ನೆಲ ಎಲ್ಲಿದೆ ನಿಮಗೆ?" ತಾನೇ ತಿದ್ದಿಕೊಟ್ಟ ಮಾತು. ಒಂದಕ್ಷರವೂ ತೊಡರಲಿಲ್ಲ. ಈಚೆ ದಡದ ಮಕ್ಕಳು ಹೋ ಎಂದು ಕೂಗಿ, ಕಥೆಯಲ್ಲಿದ್ದಂತೆಯೇ, ಹಿಡಿ ಹಿಡಿ ಮಣ್ಣು ತೂರಿದರು. ಆಟದ ಮಣ್ಣೇ ಆದರೂ ಅವಳ ಲಂಗ ಕೆಂಪಾಯಿತು.

"ಸೂಪರ್! ಎಲ್ಲಾ ಬನ್ನಿ, ಪಣಿಯಾರ ತಿನ್ನಾಣ," ಎಂದು ಸರವಣ ಕೂಗಿದ. ಮಕ್ಕಳು ಜಗುಲಿಗೆ ಮುಗಿಬಿದ್ದರು. ಜಾಸ್ಮಿನ್ ಮಾತ್ರ ನಿಂತಲ್ಲೇ ನಿಂತಿದ್ದಳು.

"ಜಯಾ, ನನ್ನ ಬ್ಯಾಗ್ ಆ ಕಡೆ ಇದೆ. ಇಲ್ಲಿಗೇ ಎಸೆದುಬಿಡು."

"ಬಾ ಜಾಸ್ಮಿನ್, ತಿಂದುಟ್ಟು ಹೋಗು."

"ಬೇಡ. ಎಸಿ."

ಒಂದು ಹೆಜ್ಜೆಯಗಲದ ಹೊಳೆ. ಜಯಪ್ರಿಯಾ ಬ್ಯಾಗನ್ನು ಎದೆಗೆ ಅವಚಿಕೊಂಡಳು. ಎಸೆಯಲು ಕೈ ಬರಲಿಲ್ಲ. ಹಿಟ್ಟಿನ ಗೆರೆಯನ್ನು ತುಳಿದುಕೊಂಡೇ ನಡೆದಳು.

"ಏಯ್! ಮರ ಎದ್ದಾಯ್ತು, ನೀ ಆ ಕಡೆ ಹೋಗಬಾರ್ದು!" ಎಂದು ಸರವಣ ಅರಚಿದ. ಎಲ್ಲರೂ ನಕ್ಕರು.

ಜಾಸ್ಮಿನಳ ಪಕ್ಕಕ್ಕೆ ಬಂದು ಜಯಪ್ರಿಯಾ ಹಿಂದಿರುಗಿ ನೋಡಿದಳು. ಅಜ್ಜಿ, ಅಣ್ಣತಮ್ಮಂದಿರು, ಅಕ್ಕಪಕ್ಕದ ಮನೆಯ ಮಕ್ಕಳು ಎಲ್ಲರೂ ಆ ದಡದಲ್ಲಿದ್ದರು. ಅವರ ನಡುವೆ ನಿಂತಿದ್ದಾಗ ಇಷ್ಟೊಂದು ಜನ ಎನ್ನಿಸಿರಲಿಲ್ಲ. ಅವಳಿಗೆ ಭಯವಾಯಿತು.

"ನಾ ಆಗ್ಲೇ ಬೇಡಾಂತ ಹೇಳಿರ್ಬೇಕು," ಎಂದಳು. ಅಳು ಬಂದುಬಿಟ್ಟಿತ್ತು.

ಜಾಸ್ಮಿನ್ ಬ್ಯಾಗನ್ನು ಹೆಗಲಿಗೇರಿಸಿ, ಲಂಗದ ಮೇಲಿನ ಮಣ್ಣು ಕೊಡವಿಕೊಂಡಳು. ಅವಳ ದನಿಯಲ್ಲಿ ಕೋಪವಿರಲಿಲ್ಲ.

"ಭಾನುವಾರ ಸ್ಟೇಜ್ ಮೇಲೆ, ನಿಮ್ಮೋರೆಲ್ಲರ ಮುಂದೆ, ಹೀಗೇ ದಾಟಿ ಬರ್ತೀಯಾ ಜಯಾ?"