ಮೊದಲ ಚೌಕಾಸಿ

ಮಗಳು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಕೂಗಿದಳು.

"ಅಪ್ಪಾ, ಇವತ್ತು ರೇಟ್ ಚೌಕಾಸಿ ಮಾಡಿದ್ದು ನಾನೇ! ಸಾಹೇಬ್ರು ಸುಮ್ನೆ ಪಕ್ಕದಲ್ಲಿ ಕೂತಿದ್ರು."

ಅವಳು ಫ್ಯಾಕ್ಟರಿಯ ಖರೀದಿ ವಿಭಾಗದಲ್ಲಿ ಅಪ್ರೆಂಟಿಸ್. ನಾನು ಅದೇ ಫ್ಯಾಕ್ಟರಿಯ ಗೇಟಿನಲ್ಲಿ ಕಂಟ್ರಾಕ್ಟ್ ವಾಚ್‌ಮನ್. ಅಪ್ಪ ಮಗಳು ಎಂದು ಅಲ್ಲಿ ಯಾರಿಗೂ ಹೇಳಿಕೊಂಡಿಲ್ಲ.

"ಯಾರ ಹತ್ರ ಮಾಡ್ದೆ?"

"ನಿಮ್ಮ ಸೆಕ್ಯುರಿಟಿ ಕಂಟ್ರಾಕ್ಟರ್ ಹತ್ರಾನೇ! ನಾನು ಜಗ್ಗಲೇ ಇಲ್ಲ. ಕೊನೆಗೆ ಅವನೇ ಕೈಮುಗಿದು ಇಳಿಸ್ದ. ಇವಳನ್ನ ಪರ್ಮನೆಂಟ್ ಮಾಡ್ಬೇಕು ಅಂದ್ರು ಸಾಹೇಬ್ರು."

"ಅವನಿಗೆ ನಷ್ಟ ಆಗಲ್ವೇನೇ?"

"ಅಯ್ಯೋ, ಅವನ ಕಮಿಷನ್ ಒಂಚೂರು ಕಮ್ಮಿಯಾಗುತ್ತೆ ಅಷ್ಟೇ. ನೀನ್ಯಾಕೆ ಅವನ ಪರ ಮಾತಾಡ್ತೀಯ?"

ನಾನು ಅವಳ ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟೆ.

"ನಾಳೆ ಗೇಟಲ್ಲಿ ನಂಗೊಂದು ಸಲ್ಯೂಟ್ ಹೊಡೀಬೇಕು ನೀನು. ಸಾಹೇಬ್ರಿಗೆ ಹೊಡೀತೀಯಲ್ಲ, ಹಂಗೆ!"

"ನಾಳೆ ಯಾಕವ್ವಾ, ಈಗ್ಲೇ ತಗೋ" ಎಂದು ಬನಿಯನ್ನಿನಲ್ಲೇ ನೆಟ್ಟಗೆ ನಿಂತು ಸಲ್ಯೂಟ್ ಹೊಡೆದೆ.

ಅವಳು ನಕ್ಕೂ ನಕ್ಕೂ ಸುಸ್ತಾದಳು. "ಟೋಪಿ ಎಲ್ಲಪ್ಪಾ? ಟೋಪಿ ಇಲ್ದಿದ್ರೆ ಲೆಕ್ಕಕ್ಕಿಲ್ಲ!"

"ರೇಟ್ ಇಳಿಸ್ಬಿಟ್ರು, ಗೇಟಿಗೆ ಇನ್ಮೇಲೆ ಒಬ್ಬನೇ ಸಾಕು" ಎಂದು ಕಂಟ್ರಾಕ್ಟರ್ ಟೋಪಿ, ಯೂನಿಫಾರಂ ಎರಡನ್ನೂ ಸಂಜೆಯೇ ನನ್ನಿಂದ ವಾಪಸ್ ತೆಗೆದುಕೊಂಡಿದ್ದ.