ಗುಂಡು ಹಾರದ ಬೇಟೆ

“ಬಂದೂಕು ಕೆಳಗಿಳಿಸೋ! ಮುಂದೆ ಕಾಣ್ತಿದೆ!”

ಭಾವ ಕೂಗಿದ ರಭಸಕ್ಕೆ ಭಾಮೈದನ ಬೆರಳು ಯಾವುದೋ ಗುಂಡಿ ಒತ್ತಿತು. ಕಂಪ್ಯೂಟರಿನ ತೆರೆಯ ಮೇಲೆ ಅಷ್ಟು ಹೊತ್ತು ಕಾದು ಹಿಡಿದಿದ್ದ ಕಾಡುಕೋಣ ಬೆಚ್ಚಿಬಿದ್ದು ಪೊದೆಯೊಳಗೆ ನುಗ್ಗಿತು.

“ನೀವು ಕೂಗಿದ್ದಕ್ಕೇ ಓಡಿಹೋಯ್ತು ಭಾವ.”

“ಕಂಪ್ಯೂಟರೊಳಗಿರೋ ಕೋಣಕ್ಕೆ ನನ್ನ ಕೂಗು ಕೇಳ್ಸುತ್ತೇನೋ?”

“ನನಗೆ ಕೇಳ್ಸುತ್ತಲ್ಲ.”

ಭಾವ ಆ ಕಚೇರಿಯ ಮುಖ್ಯಸ್ಥರು. ಕೆಲಸದ ಹೊತ್ತಿನಲ್ಲಿ ಕಿಟಕಿಗೆ ಪರದೆ ಎಳೆಸಿ, ಬಾಗಿಲಲ್ಲಿ ಜವಾನನನ್ನು ಕಾವಲಿಗಿಟ್ಟು, ಬೇಟೆಯ ವಿಡಿಯೋ ಗೇಮಿನ ಮುಂದೆ ಠಿಕಾಣಿ ಹೂಡಿದ್ದರು. ಭಾಮೈದ ಅಲ್ಲಿಯೇ ಹಂಗಾಮಿ ನೌಕರ. ಕೆಲಸ ಕೊಡಿಸಿದ್ದು ಭಾವ, ಕೊಡಿಸುವವರೆಗೂ ಭಾವನ ತಲೆ ತಿಂದದ್ದು ಅಕ್ಕ. ಕೂದಲು ನರೆಯತೊಡಗಿದರೂ ಎಲ್ಲಿಯೂ ನೆಲೆ ನಿಲ್ಲದ ತಮ್ಮ ಒಂದು ದಡ ಸೇರಲಿ ಎಂಬುದು ಅವಳ ಆಸೆ. ಇವತ್ತು ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ವರ್ಷದ ಕೆಲಸ ನೋಡಿ ಅವರು ಮೆಚ್ಚಿದರೆ ಭಾಮೈದ ಕಾಯಂ. ಮುಖ ಸಿಂಡರಿಸಿದರೆ ನಾಳೆಯಿಂದ ಅಕ್ಕನ ಮನೆಯ ಸೋಫಾವೇ ಅವನ ಹುದ್ದೆ.

ಇಂಥ ದಿನ ಬೇರೆ ಯಾರಾದರೂ ಆಗಿದ್ದರೆ ಮೇಜಾದರೂ ಒರೆಸುತ್ತಿದ್ದರು. ಇವರು ಗೇಮಿಗೆ ಯಾವ ಹೆಚ್ಚುವರಿ ಪ್ಯಾಕ್ ಕೊಳ್ಳಬೇಕೆಂದು ತಲೆ ಕೆಡಿಸಿಕೊಂಡು ಕೂತಿದ್ದರು. ಗೇಮಿನ ಜೊತೆ ಪುಕ್ಕಟೆ ಬಂದಿದ್ದ ನಕ್ಷೆ ಇಬ್ಬರಿಗೂ ಸಾಕಾಗಿಹೋಗಿತ್ತು. ಅದೇ ಹಳ್ಳ, ಅದೇ ಬಂಡೆ, ಅದೇ ಮೊಂಡುಮೂತಿಯ ಹಂದಿ. ಹೊಸ ಕಾಡು ಬೇಕೆಂದರೆ ದುಡ್ಡು ಕೊಟ್ಟು ಹೊಸ ನಕ್ಷೆ ತರಿಸಿಕೊಳ್ಳಬೇಕು. ಕೊಳ್ಳುವ ಮುಂಚೆ ಒಂದಿಷ್ಟು ಹೊತ್ತು ಒಳಹೊಕ್ಕು ನೋಡಲು ಗೇಮಿನವರು ಬಿಡುತ್ತಿದ್ದರು. ಕುಂದು ಹುಡುಕುವುದರಲ್ಲಂತೂ ಭಾವ ಎತ್ತಿದ ಕೈ.

“ಹಿಮದ ಬೆಟ್ಟ ನೋಡೋಣ್ವಾ?”

“ಥೂ, ಹಿಮ ನಮಗೆ ಒಗ್ಗಲ್ಲ.”

“ಜೌಗಿನ ಮ್ಯಾಪ್ ಇದೆ. ಇಷ್ಟು ದಪ್ಪ ಮೊಸಳೆ ಭಾವ!”

“ಮೊಸಳೆ ಅಂದ್ರೆ ನೂರೆಂಟು ಪ್ರಶ್ನೆ. ಮುಂದೆ ಹೋಗು.”

“ಬಯಲು ಸೀಮೆದು?”

“ಅದರಲ್ಲಿ ಮರ ಎಲ್ಲಿದೆಯೋ? ಬೋಳು ನೆಲ ನೋಡೋಕೆ ದುಡ್ಡು ಯಾಕೆ ಕೊಡ್ಬೇಕು? ಕಿಟಕಿ ಪರದೆ ಸರಿಸಿದ್ರೆ ಸಾಕು.”

ಇಂಥ ಬೇಟೆಗಾರರನ್ನು ಆ ಗೇಮ್ ಮಾಡಿದವರೂ ಕಂಡಿರಲಾರರು. ಆಡಲು ಶುರುಮಾಡಿದಂದಿನಿಂದ ಒಂದೇ ಒಂದು ಗುಂಡು ಹಾರಿಸಿರಲಿಲ್ಲ. ಪ್ರಾಣಿ ಎದುರಾದರೆ ಪ್ರವಾಸಕ್ಕೆ ಬಂದವರ ಹಾಗೆ ಒಂದು ಫೋಟೋ ಹಿಡಿದುಕೊಂಡು ಮುಂದಕ್ಕೆ ನಡೆಯುವುದು. ‘ಅಳುಕಬೇಡಿ, ಗುಂಡು ಹಾರಿಸಿ’ ಎಂದು ಗೇಮು ಗೋಗರೆಯುತ್ತಲೇ ಇತ್ತು. ಭಾವನ ಧೈರ್ಯವೇ ಅಷ್ಟು. ನಿಜವಾದ ಕಾಡೆಂದರೆ ಅವರಿಗೆ ಮೊದಲು ನೆನಪಾಗುವುದು ಜಿಗಣೆ. ಮೂಲೆಯಲ್ಲಿದ್ದ ಅವರ ದಪ್ಪ ಬೂಟುಗಳಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಮೇಜಿನ ಮೇಲಿದ್ದ ದುರ್ಬೀನು ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ನೋಡಿಕೊಳ್ಳುತ್ತಿತ್ತು.

ಫೋನು ಬಂತು. ಅಕ್ಕ.

“ಆಯ್ತೇನೋ?”

“ಇನ್ನೂ ಜಾಗ ಆರಿಸ್ತಾ ಇದೀವಿ ಅಕ್ಕ.”

“ವರ್ಷವೆಲ್ಲ ಇಬ್ಬರೂ ಏನು ಕಡಿದು ಕಟ್ಟೆ ಹಾಕ್ತಿದ್ರಿ? ಕೊಡು ನಿಮ್ಮ ಭಾವನ ಕೈಗೆ.”

ಭಾವ ಎರಡೂ ಕೈ ಆಡಿಸಿ ತಾವು ಇಲ್ಲವೆಂದು ಸನ್ನೆ ಮಾಡಿದರು.

“ಅವರು ಫೀಲ್ಡಿಗೆ ಹೋಗಿದಾರೆ ಅಕ್ಕ.”

“ಫೀಲ್ಡಿಗಾ? ಅವರಾ?” ಅಕ್ಕ ನಕ್ಕ ಸದ್ದು ಬಾಗಿಲಲ್ಲಿದ್ದ ಜವಾನನಿಗೂ ಕೇಳಿಸಿತು.

ಭಾಮೈದ ಫೋನಿಟ್ಟು ಕೊನೆಯ ನಕ್ಷೆ ತೆರೆದ. ತೆಳು ಮಂಜು, ಸುತ್ತ ದಟ್ಟ ಮರಗಳು, ನಡುವೆ ಒಂದು ಕೆರೆ. ನೀರಿಗೆ ಬಾಗಿ ನಿಂತ ಜಿಂಕೆಗಳ ಹಿಂಡು. ಭಾವ ಉಸಿರು ಬಿಗಿಹಿಡಿದರು. ಸಂಬಳ ಬಡ್ತಿ ಬಂದಾಗಲೂ ಅವರ ಮುಖ ಹೀಗೆ ಅರಳಿರಲಿಲ್ಲ.

“ಕಾಡು ಅಂದ್ರೆ ಇದು ಕಣೋ! ಕೊಂಡ್ಕೋ, ಕೊಂಡ್ಕೋ. ಜೀಪಿನ ಡೀಸೆಲ್ ಲೆಕ್ಕಕ್ಕೆ ಸೇರಿಸಿಬಿಡೋಣ.”

ಹೊರಗೆ ನಿಂತಿದ್ದ ಜೀಪಿನ ಗಾಲಿಗಳು ಗಾಳಿ ಬಿಟ್ಟು ನೆಲ ಕಚ್ಚಿ ಎಷ್ಟೋ ಕಾಲವಾಗಿತ್ತು. ಭಾಮೈದ ಪ್ಯಾಕ್ ಕೊಂಡ. ಬಂದೂಕನ್ನು ಮರೆಮಾಡಿ ಜಿಂಕೆಗಳ ಹತ್ತಿರಕ್ಕೆ ಹೋದ.

ಆಗ ಜವಾನ ಕೆಮ್ಮಿದ. ಅಪಾಯವಿದ್ದರೆ ಕೆಮ್ಮು ಎಂದು ಅವನಿಗೆ ಹೇಳಿಟ್ಟಿದ್ದರು. ಅವನು ಕೆಮ್ಮಿದ್ದು ಸರಿಯೇ, ಆದರೆ ದೊಡ್ಡ ಸಾಹೇಬರು ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ.

ಭಾವ ತೆರೆಗೆ ಅಡ್ಡ ನಿಂತು ಕೈ ಅಗಲಿಸಿದರು. ಅವರ ಕಂಕುಳ ಕೆಳಗಿನಿಂದ ಎರಡು ಜಿಂಕೆಗಳು ಇಣುಕುತ್ತಿದ್ದವು.

“ಪಕ್ಕಕ್ಕೆ ಸರೀರಿ,” ಎಂದರು ಸಾಹೇಬರು.

ಭಾವ ಸರಿದರು. ಸಾಹೇಬರು ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಏರಿಸಿ, ತೆರೆಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿದರು. ತೆರೆಯೊಳಗಿನ ಕೆರೆಯಲ್ಲಿ ಕಪ್ಪೆಗಳು ವಟಗುಟ್ಟುತ್ತಲೇ ಇದ್ದವು.

“ಇದನ್ನ ಆರಿಸಿದ್ದು ಯಾರು?”

“ಇವನೇ ಸರ್!” ಭಾವನ ಬೆರಳು ತಡಮಾಡಲಿಲ್ಲ. “ನಾನು ಬೇಡ ಬೇಡ ಅಂತ ಬಡ್ಕೊಂಡೆ. ಸ್ವಂತ ಭಾಮೈದ ಅಂತ ನೋಡಲ್ಲ ಸರ್ ನಾನು, ಈಗಲೇ ಕಿತ್ತುಹಾಕ್ತೀನಿ.”

ಭಾಮೈದ ಭಾವನ ಮುಖವನ್ನೇ ನೋಡಿದ. ಎದುರು ಹೇಳೋಣವೆಂದರೆ, ಸೋಫಾ ಕೂಡ ಅವರದ್ದೇ.

ಸಾಹೇಬರು ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟರು.

“ಕಿತ್ತುಹಾಕೋದ್ಯಾಕ್ರೀ, ಕಾಯಂ ಮಾಡ್ಕೊಳ್ಳಿ, ಒಳ್ಳೆ ಕಣ್ಣಿದೆ ಇವನಿಗೆ, ಆದ್ರೆ ಈ ಕೆರೆ ಮಾತ್ರ ಬೇಡ ಕಣಪ್ಪ, ಹೋದ ವರ್ಷದ ವನ್ಯಜೀವಿ ಗಣತಿಗೆ ಪಕ್ಕದ ಅರಣ್ಯ ವಲಯದವರು ಇವೇ ಜಿಂಕೆಗಳ ಫೋಟೋ ಕಳಿಸಿಬಿಟ್ಟಿದಾರೆ.”